ಅಜ್ಜನ ಹೆಸರು ಹೊತ್ತವನು

ನಾಲ್ಕು ವರ್ಷದ ಹುಡುಗ ಎದುರಿಗೆ ಬಂದರೆ ಆ ಮುದುಕಿ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಲ್ಲುತ್ತಿದ್ದಳು. ಹುಡುಗನ ಮೈಮೇಲೆ ಉಡದಾರ ಬಿಟ್ಟರೆ ನೂಲಿಲ್ಲ, ಮೂಗಿನಲ್ಲಿ ಸಿಂಬಳ, ಕೈಯಲ್ಲಿ ಕಚ್ಚಿಬಿಟ್ಟ ರೊಟ್ಟಿ. ಅವಳು ಅವನ ಅಜ್ಜಿ, ನಮ್ಮೂರ ದೊಡ್ಡ ಗೌಡಸಾನಿ. ಅವನಿಗೆ ಅವಳ ಸತ್ತ ಗಂಡನ ಹೆಸರಿಟ್ಟಿದ್ದರು. ಗಂಡನೆದುರು ಬರಿದಲೆಯಲ್ಲಿ ನಿಲ್ಲದವಳು ಈ ಕೂಸಿನ ಎದುರೂ ನಿಲ್ಲುತ್ತಿರಲಿಲ್ಲ. "ಬರ್ರಿ, ಹಾಲು ಆರಸಿಟ್ಟೇನಿ, ಕುಡೀರಿ" ಎಂದು ಕರೆಯುವಳು. ಹುಡುಗ "ವಲ್ಲೆ" ಎಂದು ಲೋಟ ಒದ್ದು ಓಡಿದರೆ ಅವಳ ಮುಖ ಅರಳುತ್ತಿತ್ತು. "ಸಿಟ್ಟು ಹಂಗಽ ಐತಿ ನೋಡವಾ, ಒಂದೀಟೂ ಕಡಿಮಿ ಆಗಿಲ್ಲ."

ಗೌಡರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಇದೆಲ್ಲ ನಮಗೆ ದಿನಾ ಕಾಣುತ್ತಿತ್ತು. ಊರೆಲ್ಲ ನಗುತ್ತಿತ್ತು, ನಾವೂ ನಗುತ್ತಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ.

ಸತ್ತ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ. ಮುರಗೋಡ, ಸವದತ್ತಿ, ಬೈಲಹೊಂಗಲ, ಎಲ್ಲಿ ಬೇಕಾದರೂ ಕೇಳಿರಿ. ನನ್ನ ಹೆಸರೂ ನನ್ನ ಅಜ್ಜನದೇ. ಆದರೆ ನನ್ನ ಅಜ್ಜ ಕಂಡವರ ಹೊಲದಲ್ಲಿ ಬೆನ್ನು ಬಾಗಿಸಿದವನು, ಅವನ ಹೆಸರು ಹೊತ್ತಿದ್ದಕ್ಕೆ ನನಗೆ ಯಾರೂ ಹಾಲು ಆರಿಸಿ ಕೊಡಲಿಲ್ಲ. ಅಪ್ಪ ಸತ್ತಾಗ ನಾನು ಎರಡನೇ ಇಯತ್ತೆ. ಪಾಟಿ ಇಟ್ಟು ನೇಗಿಲ ಮೇಳಿ ಹಿಡಿದೆ. ಮೀಸೆ ಮೂಡುವ ಹೊತ್ತಿಗೆ ಸ್ವಂತ ಜೋಡೆತ್ತು, ಸ್ವಂತ ಗಾಡಿ ಮಾಡಿಕೊಂಡಿದ್ದೆ. ಇಂದಿಗೂ ಒಬ್ಬರ ಬಾಗಿಲಿಗೆ ಒಂದು ಹಿಡಿ ಹೊಟ್ಟು ಕೇಳಲು ಹೋದವನಲ್ಲ. ಹೆಸರು ಮನುಷ್ಯನನ್ನು ಮಾಡುತ್ತದೆ ಎನ್ನುವ ಮಾತು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುವವರಿಗೆ ಸರಿ. ನನಗೆ ಅದರ ಮೇಲೆ ಸಿಟ್ಟು ಬರಲು ಕಾರಣವೇ ಈ ಹುಡುಗ, ಮಲ್ಲನಗೌಡ.

ಹಳೆಯ ಮಲ್ಲನಗೌಡ ಗಟ್ಟಿ ಆಳು, ಒರಟು ಆಳು. ಒಮ್ಮೆ ಆಡಿದ್ದನ್ನು ಮತ್ತೆ ಹಿಂದೆ ತೆಗೆದುಕೊಳ್ಳುವವನಲ್ಲ. ಯಾರಾದರೂ ಎದುರಾಡಿದರೆ "ನಾ ಅಂದಿದ್ದು ಅಂದೆ, ನಡೀ" ಎನ್ನುವನು. ಅಷ್ಟಕ್ಕೇ ಊರು ಅವನನ್ನು ದೊಡ್ಡವನೆನ್ನುತ್ತಿತ್ತು. ಅವನಿಗೆ ನೀಲವ್ವ ಎಂಬ ಒಬ್ಬಳೇ ಮಗಳು. ರಾಮದುರ್ಗದ ಕಡೆಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ತವರಿನ ಮೂಲೆಯಲ್ಲಿ ಕೂಡದೆ ಸಿರಸಂಗಿಯ ಒಬ್ಬ ಒಕ್ಕಲಿಗನ ಜೊತೆ ಉಡಿಕೆಯಾದಳು. ವಿಧವೆ ಮತ್ತೊಬ್ಬನ ಕೈಯಿಂದ ಸೀರೆ ಉಟ್ಟು ಸಂಸಾರ ಹೂಡುವುದು ಬಡವರಲ್ಲಿ ನಡೆಯುತ್ತದೆ, ಗೌಡರ ಮನೆಯಲ್ಲಿ ನಡೆಯುವುದಿಲ್ಲ. ಮುದುಕ ಅಂಗಳದಲ್ಲಿ ನಿಂತು, "ಆಕಿ ನನ್ನ ಹೊಸ್ತಿಲಾ ತುಳೀಬಾರದು" ಎಂದ. ಎರಡು ವರ್ಷಕ್ಕೆ ಸತ್ತ. ಮಾತು ಹಾಗೇ ಉಳಿಯಿತು. ವರ್ಷ ತುಂಬುವುದರೊಳಗೆ ಅವನ ಮಗ ಸಣ್ಣಗೌಡನಿಗೆ ಗಂಡು ಹುಟ್ಟಿತು. ಹೆಸರಿಟ್ಟರು. ಸೊಸೆಯಂದಿರು ಮಾವನ ಹೆಸರು ಬಾಯಲ್ಲಿ ತರುವಂತಿಲ್ಲವಲ್ಲ, ಹೀಗಾಗಿ ಕೂಸಿಗೆ ಮನೆಯಲ್ಲಿ ಎಲ್ಲರೂ "ಅಜ್ಜ" ಎಂದೇ ಕರೆದರು. ಹೆತ್ತ ತಾಯಿ ಕೂಡ.

ಅವನಿಗೆ ಆರು ವರ್ಷವಿರಬಹುದು. ನಾಗರಪಂಚಮಿ ಹತ್ತಿರ ಬಂದಿತ್ತು, ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ. ದೊಡ್ಡ ಗೌಡಸಾನಿ ಗೋಡೆಯ ಹತ್ತಿರ ಬಂದು ನನ್ನನ್ನು ಕರೆದಳು.

"ಯಪ್ಪಾ, ಗಾಡಿ ಹೂಡಿಕೊಂಡು ಸಿರಸಂಗಿಗೆ ಹೋಗಿ ನಮ್ಮ ನೀಲಾನ್ನ ಕರಕೊಂಡ ಬರತೀ ಏನು? ಬರಬ್ಯಾಡ ಅಂದವ್ರು ಅವ್ರಽ. ಅವ್ರಽ ಬಾ ಅಂದ್ರ ಆತಲ್ಲ? ಈಗ ಚಂದಂಗ ಮಾತಾಡತಾರ."

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿದು ನಗು ಬಂತು. ಆದರೆ ಅವಳ ಕಣ್ಣಲ್ಲಿ ನಗುವಂಥದ್ದೇನೂ ಇರಲಿಲ್ಲ. ಮಗಳ ಮುಖ ನೋಡಿ ಎಂಟು ವರ್ಷವಾಗಿತ್ತು. ಅವಳು ನಿಜವಾಗಿ ನಂಬಿದ್ದಳು: ಗಂಡ ಮರಳಿ ಬಂದಿದ್ದಾನೆ, ಮಾತು ಕಲಿಯುವವರೆಗೆ ಕಾಯಬೇಕಿತ್ತು, ಕಾದಿದ್ದಾಳೆ.

ನೀಲವ್ವ ಶೇಂಗಾ ಉಂಡಿ ಕಟ್ಟಿಕೊಂಡು ಗಾಡಿ ಹತ್ತಿದಳು. ದಾರಿಯಲ್ಲಿ ಒಮ್ಮೆ ಕೇಳಿದಳು. "ತಮ್ಮಾ, ನಾ ಯಾರ ಕಾಲಿಗೆ ಬೀಳಬೇಕು? ನಮ್ಮಪ್ಪಂದೋ, ನಮ್ಮಣ್ಣನ ಕೂಸಿಂದೋ?" ನಾನು ಎತ್ತಿನ ಹಗ್ಗ ಜಗ್ಗಿದೆ. ಅವಳೇ ಹೇಳಿದಳು. "ಯಾರದರ ಆಗಲಿ ಬಿಡು. ತವರಮನ್ಯಾಗ ಕುಂತು ಒಂದು ತಂಬಗಿ ನೀರು ಕುಡಿದ್ರ ಸಾಕು."

ಗೌಡರ ಕಟ್ಟೆಯ ಮೇಲೆ ಹಿರಿಯರೆಲ್ಲ ಸೇರಿದ್ದರು. ಸಣ್ಣಗೌಡ ಮಗನನ್ನು ತಂದು ಮುದುಕ ಕೂಡುತ್ತಿದ್ದ ಜಾಗದಲ್ಲಿ ಕೂಡಿಸಿದ. ನೀಲವ್ವ ಅಂಗಳದಲ್ಲಿ ನಿಂತಳು. ಒಳಗೆ ಬಾಗಿಲ ಮರೆಯಲ್ಲಿ ಗೌಡಸಾನಿ.

"ಅಜ್ಜಾ, ನೋಡು, ನಿನ್ನ ಮಗಳು ಬಂದಾಳ. ಒಳಗ ಬರಬೇಕಂತ. ಏನಂತೀ?" ಎಂದ ಸಣ್ಣಗೌಡ.

ಹುಡುಗನ ಕಣ್ಣು ಉಂಡಿಯ ಗಂಟಿನ ಮೇಲಿತ್ತು. ಕೈಯನ್ನೂ ಚಾಚಿದ. ಆಯಿತು, ಇನ್ನು ಬಾ ಅನ್ನುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಅವನಪ್ಪ ಕೆಮ್ಮಿ, "ಅಜ್ಜ ಒಮ್ಮೆ ಅಂದ್ರ ಮುಗೀತು. ಅಲ್ಲೇನೋ?" ಎಂದ. ಮುದುಕನ ಮಾತನ್ನು ಹುಡುಗನಿಗೆ ಕಲಿಸಿಟ್ಟಿದ್ದರು. ಹೇಳಿದಾಗೊಮ್ಮೆ ಬೆಲ್ಲ ಕೊಡುತ್ತಿದ್ದರು. ಅವನು ಸುತ್ತಲಿನ ಮುಖಗಳನ್ನು ನೋಡಿದ, ಎದೆ ಉಬ್ಬಿಸಿದ.

"ನಾ ಅಂದಿದ್ದು ಅಂದೆ. ನಡೀ!"

ಕಟ್ಟೆ ಕುಣಿಯಿತು. "ಭಲೇ! ಅಜ್ಜನಽ ಬಂದಾನ!" "ದನೀನೂ ಅದಽ ನೋಡ್ರಪಾ!" ಒಬ್ಬ ಹುಡುಗನನ್ನು ಹೆಗಲ ಮೇಲೆ ಹೊತ್ತ. ನೀಲವ್ವ ಹತ್ತಿರ ಬಂದು ಆ ಕೂಸಿನ ಪಾದ ಮುಟ್ಟಿದಳು, ಉಂಡಿಯ ಗಂಟನ್ನು ಮೆಟ್ಟಿಲ ಮೇಲಿಟ್ಟಳು, ತಿರುಗಿ ಬಂದು ಗಾಡಿಯಲ್ಲಿ ಕೂತಳು. ಒಳಗಿನಿಂದ ಗೌಡಸಾನಿಯ ಅಳು ಕೇಳಿಸಿತು. "ಎರಡನೇ ಸಲಾನೂ ಬ್ಯಾಡ ಅಂದ್ರಲ್ಲ."

ಅವತ್ತು ಆ ಕಟ್ಟೆಯ ಮೇಲೆ ಕೂತು ನಕ್ಕವರ ಹೆಸರುಗಳನ್ನೆಲ್ಲ ಇಲ್ಲಿ ಬರೆದುಬಿಡಲೇ ಎನಿಸುತ್ತದೆ. ಅವರ ಮೊಮ್ಮಕ್ಕಳು ಒಳ್ಳೆಯ ಹುಡುಗರು, ಅವರ ಮುಖ ನೋಡಿ ಬಿಡುತ್ತೇನೆ.

ಮಲ್ಲನಗೌಡ ಬೆಳೆದ. ಸಾಲಿಯಲ್ಲಿ ಮಾಸ್ತರ ಎಲ್ಲ ಹುಡುಗರ ಕೈ ಕೆಂಪಗಾಗುವ ಹಾಗೆ ಹೊಡೆಯುವವನು, ಇವನಿಗೆ ಮಾತ್ರ "ಗೌಡ್ರು ಈಗ ಮಗ್ಗಿ ಹೇಳಬೇಕು" ಎನ್ನುವನು. ಮಗ್ಗಿ ಬರುತ್ತಿರಲಿಲ್ಲ, ಹೊಡೆತವೂ ಬರುತ್ತಿರಲಿಲ್ಲ. ಒಮ್ಮೆ ಇವನೇ ಕೈ ಚಾಚಿ, "ನನಗೂ ಹೊಡೀರಿ ಮಾಸ್ತರ" ಎಂದನಂತೆ. ಮಾಸ್ತರ ಕೈ ಜೋಡಿಸಿ, "ಇದಽ ಕೈಯಿಂದ ಜ್ವಾಳಾ ಇಸಗೊಂಡು ಉಂಡಾಂವ್ರೀ ನಾನು. ಹೆಂಗ ಹೊಡೀಲಿ?" ಎಂದನಂತೆ. ಜೋಳ ಕೊಟ್ಟವನು ಸತ್ತು ಎಷ್ಟೋ ವರ್ಷವಾಗಿತ್ತು.

ಮುದುಕನಿಗೆ ಬದನೆಕಾಯಿ ಆಗುತ್ತಿರಲಿಲ್ಲ, ತಿಂದರೆ ಮೈಯೆಲ್ಲ ತುರಿಸಿ ಗುಳ್ಳೆ ಏಳುತ್ತಿದ್ದವು. ಹೀಗಾಗಿ ಈ ಹುಡುಗನ ತಾಟಿಗೂ ಬದನೆಕಾಯಿ ಬೀಳಲಿಲ್ಲ. ಮನೆಯವರು ಎಣ್ಣೆಗಾಯಿ ಸುರಿದು ಉಣ್ಣುವರು, ಇವನಿಗೆ ಬೇಳೆ. ಅವನು ಗೋಡೆ ಹಾರಿ ನಮ್ಮ ಅಡುಗೆಮನೆಗೆ ಬರುತ್ತಿದ್ದ. ನಮ್ಮವ್ವ ಬಿಸಿ ರೊಟ್ಟಿಯ ಮೇಲೆ ಎರಡು ಬದನೆಕಾಯಿ ಇಟ್ಟು ಕೊಡುವಳು. ತಿಂದು ಮುಗಿಸಿ, ತೋಳು ಚಾಚಿ ನನ್ನ ಮುಂದೆ ಹಿಡಿಯುವನು.

"ಕಾಕಾ, ನೋಡು, ಎಲ್ಲೆರ ಗುಳ್ಳಿ ಎದ್ದಾವೇನು?"

"ಏನೂ ಇಲ್ಲೋ."

"ಬೆನ್ನ ಮ್ಯಾಲೆ?"

"ಇಲ್ಲಲೇ, ಮಣ್ಣಷ್ಟಽ ಐತಿ."

"ಹಂಗಾರ ನಾ ಅಜ್ಜ ಅಲ್ಲ" ಎಂದು ಕುಣಿಯುತ್ತ ಹೋಗುವನು. ಮತ್ತೆ ಗೋಡೆಯ ಆಚೆ ಇಳಿದ ಕೂಡಲೇ ದನಿ ದಪ್ಪ ಮಾಡಿಕೊಂಡು ಅಜ್ಜನಾಗಿಬಿಡುವನು.

ಅವನ ಮೇಲೂ ನನಗೆ ಸಿಟ್ಟಿತ್ತು, ಮುಚ್ಚಿಡುವುದಿಲ್ಲ. ಪ್ರಾಯಕ್ಕೆ ಬಂದವನು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳತೊಡಗಿದ. ಅಣ್ಣತಮ್ಮಂದಿರು ಬದುವಿನ ತಂಟೆ ತಂದರೆ "ನಾಳೆ ಹೇಳತೇನಿ, ಹೊಲಾ ನೋಡಿಕೊಂಡು ಬರತೇನಿ" ಎನ್ನುವನು. ಅವರು ಬಿಡಬೇಕಲ್ಲ. "ದೊಡ್ಡಗೌಡ್ರು ನಾಳೆ ಅಂತಿರಲಿಲ್ರಿ. ಕುಂತಲ್ಲೇ ಹೇಳಿಬಿಡತಿದ್ರು." ಇವನು ಬಾಯಿಗೆ ಬಂದದ್ದನ್ನು ಹೇಳಿ ಎದ್ದುಬಿಡುವನು. ತಪ್ಪಾದರೂ ತಪ್ಪೆನ್ನುವವರಿಲ್ಲ. ಊಟಕ್ಕೆ ಮೊದಲ ತಾಟು, ಹಾದಿಯಲ್ಲಿ ಎದ್ದು ನಿಲ್ಲುವ ಜನ. ಸುಖವೆಂದರೆ ಸುಖವೇ. ಅದಕ್ಕೆ ಅವನೂ ಒಗ್ಗಿಕೊಂಡ.

ಒಂದು ದಿನ ಹೊಲದಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. "ಏನಪಾ, ನಿನ್ನ ನಾಲಿಗಿ ಯಾರಿಗೆ ಬಾಡಿಗಿ ಕೊಟ್ಟೀದಿ?"

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದುವಿನ ಮೇಲೆ ಕೂತ. "ಕಾಕಾ, ನಿನಗ ಸಿಟ್ಟು ಬಂದ್ರ ಅದು ನಿಂದು. ನನಗ ಸಿಟ್ಟೂ ನಂದಂತ ಇಲ್ಲ. ನಾ ಸಿಟ್ಟಾದ್ರ ಮನ್ಯಾಗ ಎಲ್ಲಾರೂ ಖುಷಿ ಆಗತಾರ, 'ಅಜ್ಜ ಸಿಟ್ಟಾದ' ಅಂತಾರ. ಅವರ ಖುಷಿ ನೋಡಿದ ಕೂಡಲೇ ನನ್ನ ಸಿಟ್ಟು ಸತ್ತಽ ಹೋಗತೈತಿ."

"ನೀಲಕ್ಕ ನೆನಪದಾಳೇನು?"

"ಉಂಡಿ ನೆನಪೈತಿ" ಎಂದ. ಬದುವಿನ ಒಂದು ಹುಲ್ಲುಕಡ್ಡಿ ಕಿತ್ತು, "ಕಾಲು ಮುಟ್ಟಿದಾಗ ಆಕಿ ಕೈ ನಡಗತಿತ್ತು. ಅದೂ ನೆನಪೈತಿ."

"ಮತ್ತ ಹೋಗಿ ಕರಕೊಂಡ ಬಾ."

"ಅಪ್ಪ ವಲ್ಲೆ ಅಂತಾನ."

"ಅಲ್ಲಲೇ, ನೀ ಅವನಪ್ಪ ಅಲ್ಲೇನು!" ಎಂದು ಚೀರಿದೆ. ಎತ್ತುಗಳು ಬೆದರಿದವು. ಅವನು ಜೋರಾಗಿ ನಕ್ಕ. ನಗುತ್ತ ನಗುತ್ತ ಮುಖ ಕೆಟ್ಟಿತು. ಎದ್ದುಹೋದ.

ಮುಂದಿನ ಬೇಸಿಗೆಯಲ್ಲಿ ಗೌಡಸಾನಿಗೆ ಕಾಲು ಬಾತು, ಉಸಿರು ಕಟ್ಟತೊಡಗಿತು. ಹಾಸಿಗೆಯಿಂದ ಏಳಲಾರದೆ ಹೋದಳು. ಮೊಮ್ಮಗ ಹತ್ತಿರ ಹೋದರೆ ಆ ಸ್ಥಿತಿಯಲ್ಲೂ ಸೆರಗು ಹುಡುಕುವಳು. ಒಂದು ಬೆಳಿಗ್ಗೆ ಅವನ ಕೈ ಹಿಡಿದು ಬೇಡಿಕೊಂಡಳಂತೆ. "ನಾ ಹೊಂಟೇನಿ. ಇನ್ನರ ನಿಮ್ಮ ಸಿಟ್ಟು ಇಳಿಸ್ರಿ. ನೀಲಾನ್ನ ಒಮ್ಮೆ ತೋರಸ್ರಿ." ಅವನು ನೇರ ನನ್ನ ಬಾಗಿಲಿಗೆ ಬಂದ. ಮುಖ ಬೂದಿಯಾಗಿತ್ತು. "ಕಾಕಾ, ಗಾಡಿ ಹೂಡು."

ಸಿರಸಂಗಿಯಲ್ಲಿ ನೀಲವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಇವನು ಎದುರು ನಿಂತು, "ನಾನು ಮಲ್ಲನಗೌಡ" ಎಂದ. ಅವಳು ಮೊರ ಕೆಳಗಿಟ್ಟಳು, ಎದ್ದು ಬಂದಳು, ಕೆನ್ನೆಗೆ ಬಾರಿಸಿದಳು. ಅಂಥ ಏಟನ್ನು ನಾನು ಎತ್ತಿಗೂ ಹಾಕಿಲ್ಲ. ಹುಟ್ಟಿದ ಮೇಲೆ ಅವನು ತಿಂದ ಮೊದಲ ಹೊಡೆತ ಅದು. ಕೆನ್ನೆ ಹಿಡಿದುಕೊಂಡು ಕೇಳಿದ.

"ಅತ್ತೀ, ನಿಮ್ಮಪ್ಪಗ ಹೊಡದ್ಯೋ, ನನಗ ಹೊಡದ್ಯೋ?"

"ಯಾರಿಗೆ ಹತ್ತಿತೋ ಅವರಿಗೆ."

"ನನಗಽ ಹತ್ತಿತು" ಎಂದ. ಕಣ್ಣಲ್ಲಿ ನೀರಿತ್ತು, ಆದರೆ ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. "ಅತ್ತೀ, ಆಯಿ ಸಾಯಾಕ ಹತ್ಯಾಳ. ಬಾ." ಅವಳು ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಂಡು ಬಂದಳು.

ಊರು ಮುಟ್ಟಿದಾಗ ಸಣ್ಣಗೌಡ ಬಾಗಿಲಿಗೆ ಅಡ್ಡ ನಿಂತಿದ್ದ. ಕಟ್ಟೆಯ ಮೇಲೆ ಅದೇ ಹಿರಿಯರು, ಸತ್ತವರು ಸತ್ತು ಉಳಿದವರು. "ಅಪ್ಪನ ಮಾತು ಐತಿ. ಒಳಗ ಬಿಡೂದಿಲ್ಲ" ಎಂದ ಸಣ್ಣಗೌಡ.

"ಆ ಮಾತು ಆಡಿದಾಂವ ನಾನಽ ಅಲ್ಲೇನಪಾ? ಈಗ ನಾನಽ ತಿರುಗಿ ತಗೊಂಡೆ" ಎಂದ ಮಲ್ಲನಗೌಡ.

"ಮುಚ್ಚಲೇ ಬಾಯಿ! ನಿನ್ನೆ ಮೊನ್ನೆ ಹುಟ್ಟಿದ ಹುಡುಗ, ದೊಡ್ಡವರ ಮಾತು ನೀ ತಗೋತೀ?"

ಹಿರಿಯರೂ ತಲೆ ಆಡಿಸಿದರು. "ಹೌದಪಾ ತಮ್ಮಾ. ಅಪ್ಪನ ಎದುರು ಹಂಗ ಮಾತಾಡಬಾರದು. ನೀ ಇನ್ನಾ ಹುಡುಗ."

ಇಪ್ಪತ್ತೆರಡು ವರ್ಷ ಅವನನ್ನು ಹುಡುಗನಾಗಿರಲು ಬಿಡಲಿಲ್ಲ ಈ ಜನ. ತೊಟ್ಟಿಲಲ್ಲೂ ಅಜ್ಜ, ಸಾಲಿಯಲ್ಲೂ ಅಜ್ಜ. ಬೇಡ ಎಂದಾಗ ಅಜ್ಜ. ಒಮ್ಮೆ ಬಾ ಎಂದಿದ್ದಕ್ಕೆ ನಿನ್ನೆ ಹುಟ್ಟಿದ ಹುಡುಗ! ಬಾರಕೋಲು ನನ್ನ ಕೈಯಲ್ಲೇ ಇತ್ತು. ಎತ್ತಿದ್ದರೂ ಎತ್ತುತ್ತಿದ್ದೆ.

ಅವನು ಎತ್ತಲು ಬಿಡಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ. ಹೊರಬಂದಾಗ ಬೆನ್ನ ಮೇಲೆ ಗೌಡಸಾನಿ ಇದ್ದಳು, ಹತ್ತಿಯ ಅಂಡಿಗೆಯ ಹಾಗೆ. "ಆಕಿ ಒಳಗ ಬರಬಾರದಂತಲ್ಲ, ಈಕಿ ಹೊರಗ ಹೋಗಬಾರದಂತ ಯಾರೂ ಅಂದಿಲ್ಲ" ಎಂದ. ಮುದುಕಿ ಆ ಸಂಕಟದಲ್ಲೂ ಅವನ ಹೆಗಲಲ್ಲಿ ಮುಖ ಮರೆಸಿ, "ಅಯ್ಯ ಇಳಸ್ರೀ, ಮಂದಿ ನೋಡಾಕ ಹತ್ಯಾರ, ನಾಚಿಕಿ ಬರತೈತಿ" ಎನ್ನುತ್ತಿದ್ದಳು. ಯಾರೂ ನಗಲಿಲ್ಲ. ಅವನು ಅವಳನ್ನು ನಮ್ಮ ಪಡಸಾಲೆಗೆ ತಂದು ಮಲಗಿಸಿದ. ನೀಲವ್ವ ತಾಯಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಗೌಡಸಾನಿ ಮಗಳ ಕೈಯಿಂದ ಗಂಜಿ ಕುಡಿದು, ಅಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಯಲ್ಲೇ ತೀರಿಕೊಂಡಳು. ಮಣ್ಣು ಮಾಡಲು ಮಾತ್ರ ಗೌಡರ ಮನೆಯವರು ಬಂದರು.

ಮಣ್ಣಾದ ಮೇಲೆ ಮಲ್ಲನಗೌಡ ಮನೆಗೆ ಹೋಗಲಿಲ್ಲ. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಗೌಡರ ಮಗ ಅಂಡಿಗೆ ಹೊರುತ್ತಾನೆಂದು ಊರು ಆಡಿಕೊಂಡಿತು. ನೀಲವ್ವನಿಗೆ ಆ ಹೊಸ್ತಿಲು ಹಾಗೇ ಉಳಿಯಿತು. ನಾನು ಹಟ ಹಿಡಿದು ಪ್ರತಿ ಪಂಚಮಿಗೂ ಅವಳನ್ನು ನಮ್ಮ ಮನೆಗೆ ಕರೆತಂದೆ. ಗೌಡರ ಬಾಗಿಲಿಗೆ ಕಾಣುವ ಹಾಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದೆ. ಕಾಣಲಿ ಎಂದೇ ಕಟ್ಟಿದೆ. ನನ್ನ ಹೆಂಡತಿ ಅವಳಿಗೆ ಉಡಿ ತುಂಬುತ್ತಿದ್ದಳು. ನೀಲವ್ವ ಬರುವಳು, ಉಣ್ಣುವಳು, ಆದರೆ ಕೂತಲ್ಲಿಂದ ಆಚೆ ಬಾಗಿಲನ್ನು ನೋಡುವುದನ್ನು ಬಿಡಲಿಲ್ಲ.

ಅವನನ್ನು ನಾನು ಕೊನೆಗೆ ಕಂಡದ್ದು ಗಿರಣಿಯ ಅಂಗಳದಲ್ಲಿ, ಹತ್ತಿ ಹೇರಿಕೊಂಡು ಹೋದಾಗ. ರೆಪ್ಪೆ, ಮೀಸೆ, ಕಿವಿಗೂದಲು ಎಲ್ಲ ಅರಳೆಯಿಂದ ಬೆಳ್ಳಗಾಗಿದ್ದವು. ಒಳಗಿನಿಂದ ಆಳುಗಳ ಮೇಲಿನ ಮುಕಾದಮ ಕೂಗಿದ. "ಏ ಮಲ್ಲ್ಯಾ! ಎಲ್ಲಿ ಸತ್ತ್ಯೋ?"

ಇವನ ಮುಖ ಅರಳಿತು. "ಕೇಳಿದ್ಯಾ ಕಾಕಾ? ಮಲ್ಲ್ಯಾ ಅಂತಾನ! ನಿನ್ನೆ ಈ ಮುಕಾದಮ ನನ್ನ ಅವ್ವ-ಅಪ್ಪನ್ನ ಎತ್ತಿ ಬೈದ. ನಾನೂ ಬೈದೆ. ಎಷ್ಟ ಸಿಟ್ಟು ಬಂದಿತ್ತು ಅಂತೀ! ಪೂರಾ ನಂದಽ."

"ಇಲ್ಲಿ ಬ್ಯಾರೆ ಹೆಸರು ಹೇಳಿಕೊಂಡು ಸೇರಬಹುದಿತ್ತಲ್ಲೋ" ಎಂದೆ. "ಯಾಕ ಆ ಮುದುಕನ ಹೆಸರು ಇನ್ನಾ ಹೊತ್ತೀದಿ?"

ಅವನು ತಲೆಯ ಅರಳೆ ಕೊಡವಿದ. "ಹೆಸರು ಏನ ಮಾಡೈತಿ ಕಾಕಾ, ಪಾಪ. ಅದನ್ನ ನನ್ನ ಕೈಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟಽ. ಈಗ ಸಿಕ್ಕೈತಿ. ಹೊಸಾ ಅಂಗಿ ಹಂಗ ಐತಿ ನೋಡು." ಒಳಗೆ ಓಡಿದ.

ಆ ವರ್ಷ ಜ್ವರ ಊರೂರಿಗೆ ಹಬ್ಬಿತು. ಗಿರಣಿಯ ಆಳುಗಳು ಗುಡಿಸಲುಗಳಲ್ಲಿ ಸಾಲಾಗಿ ಮಲಗಿದರು, ಬಹಳ ಮಂದಿ ಏಳಲಿಲ್ಲ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಅವನನ್ನು ಮಣ್ಣು ಮಾಡಿ ಆಗಿತ್ತು. ಗೌಡರ ಮನೆಯಿಂದ ಯಾರೂ ಹೋಗಲಿಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ. ಅತ್ತವಳು ನೀಲವ್ವ. ಹೊಟ್ಟೆಯ ಮಗ ಸತ್ತ ಹಾಗೆ ಅತ್ತಳು.

ಅದಾಗಿ ಎರಡನೇ ಪಂಚಮಿಗೆ ಅವಳು ನಮ್ಮ ಮನೆಯಲ್ಲಿದ್ದಾಗ ಸಣ್ಣಗೌಡ ತಾನೇ ನಮ್ಮ ಅಂಗಳಕ್ಕೆ ಬಂದ. ಅವನ ಎರಡನೇ ಮಗನಿಗೆ, ಮಲ್ಲನಗೌಡನ ತಮ್ಮನಿಗೆ, ಗಂಡು ಹುಟ್ಟಿತ್ತು, ಅವತ್ತು ತೊಟ್ಟಿಲು. ತೊಟ್ಟಿಲಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಮನೆಯ ಹೆಣ್ಣುಮಗಳು, ಸೋದರತ್ತೆ. ಸಣ್ಣಗೌಡನಿಗೆ ಹೆಣ್ಣುಮಕ್ಕಳಿಲ್ಲ. ಆ ಮನೆಗೆ ಹೆಣ್ಣುಮಗಳೆಂದರೆ ನೀಲವ್ವ ಒಬ್ಬಳೇ.

"ನೀಲಾ, ಬಾರವಾ. ಆಗಿದ್ದು ಆತು. ಅಪ್ಪನ ಮಾತು ಇವತ್ತಿಗೆ ಮುಗೀತು. ಬಾ, ಒಳಗ ಬಾ" ಎಂದ. ಮುದುಕನಾಗಿದ್ದ, ದನಿ ಮೆತ್ತಗಾಗಿತ್ತು.

ನೀಲವ್ವ ಎದ್ದಳು, ಸೆರಗು ಸರಿ ಮಾಡಿಕೊಂಡಳು. ನಾನು ಹಿಂದೆ ಹಿಂದೆ ಹೋದೆ. ಅವಳು ಆ ಬಾಗಿಲಿನ ಮೆಟ್ಟಿಲು ಹತ್ತಿದಳು. ಒಳಗೆ ತೊಟ್ಟಿಲು ಕಾಣುತ್ತಿತ್ತು, ಹೆಂಗಸರು ಸುತ್ತ ನಿಂತು ಕಾಯುತ್ತಿದ್ದರು. ಒಬ್ಬಳು ತಂಬಿಗೆಯಲ್ಲಿ ನೀರು ಹಿಡಿದು ಮುಂದೆ ಬಂದಳು. ಒಂದು ಹೆಜ್ಜೆ ಉಳಿದಿತ್ತು.

"ಹೆಸರು ಏನ ಇಡತೀರಿ ಅಣ್ಣಾ?" ಎಂದು ಕೇಳಿದಳು.

"ಮತ್ತೇನ ಇಡೂದವಾ? ಅಪ್ಪಂದಽ. ಮಲ್ಲನಗೌಡ. ಅಪ್ಪ ತಿರುಗಿ ಬಂದಾನ ನೋಡು, ಹಣಿ ಅದಽ, ಮೂಗು ಅದಽ."

ನೀಲವ್ವ ಎತ್ತಿದ ಕಾಲನ್ನು ಇಳಿಸಿದಳು. "ಅದು ಅಪ್ಪನ ಹೆಸರಲ್ಲಣ್ಣಾ. ನಿನ್ನ ಹಿರೇ ಮಗಂದು. ಅವ ದುಡದು ತನ್ನದು ಮಾಡಿಕೊಂಡಿದ್ದು. ಅವನ್ನ ಕೇಳಿ ಇಡು."

ಸಣ್ಣಗೌಡ ಮುಂದೆ ಬಂದ. "ಸತ್ತವರನ್ನ ಹೆಂಗ ಕೇಳೂದು ನೀಲಾ?"

"ಯಾಕ, ನನ್ನ ಸಲುವಾಗಿ ಸತ್ತ ಅಪ್ಪನ್ನ ಕೇಳಿದ್ರಲ್ಲ" ಎಂದಳು.

ಮೆಟ್ಟಿಲಿಳಿದು ಬಂದು ನನಗೆ, "ತಮ್ಮಾ, ಗಾಡಿ ಹೂಡು. ಬೆಳಕಿರೂದ್ರಾಗ ಸಿರಸಂಗಿ ಮುಟ್ಟೂಣು" ಎಂದಳು. ಹೂಡಿದೆ. ಓಣಿ ತಿರುಗುವಾಗ ಹೊರಳಿ ನೋಡಿದೆ. ಗೌಡರ ಬಾಗಿಲು ಹಾರು ಹೊಡೆದು ತೆರೆದೇ ಇತ್ತು. ಅವಳು ಹೊರಳಿ ನೋಡಲಿಲ್ಲ.